ನಾಳವಿಲ್ಲದ ಕಾಂಡ, ನೋಡದ ವಿಮರ್ಶೆ

ಸಸ್ಯವಿಜ್ಞಾನಿ, ಲೇಖಕ ಬಿ.ಜಿ.ಎಲ್. ಸ್ವಾಮಿ ಎಂದೊಡನೆ ನಮ್ಮ ವಿಮರ್ಶಕರ ಬಾಯಲ್ಲಿ ಬರುವ ಮೊದಲ ಮಾತು ಹಾಸ್ಯ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಬಗ್ಗೆ ಬರೆಯುವವರು ವಿದ್ಯಾರ್ಥಿಗಳ ತುಂಟತನ, ಪ್ರವಾಸದ ಪೇಚಾಟಗಳಲ್ಲೇ ನಿಂತುಬಿಡುತ್ತಾರೆ. ಈ ಕೀರ್ತಿ ಸ್ವಾಮಿಯವರನ್ನು ಕುಗ್ಗಿಸಿದೆ. ಹಾರ್ವರ್ಡಿನ ಇರ್ವಿಂಗ್ ಬೈಲಿ ಅವರೊಡನೆ 1950ರಲ್ಲಿ ಸಾರ್ಕ್ಯಾಂಡ್ರ ಎಂಬ ಸಸ್ಯಕುಲದ ಮೇಲೆ ಬರೆದ ಪ್ರಬಂಧವನ್ನು ಬಿಟ್ಟು ಅವರ ಅಳತೆ ಸಿಗದು.

ಸಾರ್ಕ್ಯಾಂಡ್ರ ಮಳೆಕಾಡಿನ ನೆರಳಿನ ಪೊದೆ. ಎದುರುಬದುರು ಎಲೆ, ಗರಗಸದಂಥ ಅಂಚು, ಉಬ್ಬಿದ ಗಿಣ್ಣು. ಹೂವಿಗೆ ದಳವಿಲ್ಲ, ಪುಷ್ಪಪಾತ್ರೆಯಿಲ್ಲ. ಒಂದು ಅಂಡಾಶಯ, ಅದರ ಪಕ್ಕಕ್ಕೆ ಅಂಟಿದ ಒಂದೇ ಕೇಸರ. 19ನೇ ಶತಮಾನದಲ್ಲಿ ಸಸ್ಯವಿಜ್ಞಾನಿ ಗಾರ್ಡ್ನರ್ ಬೇರೆಯೆಂದು ಗುರುತಿಸಿದ ಈ ಕುಲವನ್ನು ಅನಂತರದವರು ಅದರ ಹತ್ತಿರದ ಕುಲವಾದ ಕ್ಲೊರಾಂಥಸ್‌ಗೆ ಸೇರಿಸಿಬಿಟ್ಟಿದ್ದರು. ಎರಡೂ ಒಂದೇ ಕುಲವೇ, ಬೇರೆಯೇ? ಸ್ವಾಮಿ ಮತ್ತು ಬೈಲಿ ಉತ್ತರ ಹುಡುಕಿದ್ದು ಕಾಂಡದೊಳಗೆ.

ನೀರು ಸಾಗಿಸುವ ಕೋಶಗಳ ತುದಿಗೋಡೆ ತೂತಾಗಿ ಒಂದಕ್ಕೊಂದು ಕೂಡಿ ಕೊಳವೆಯಾದರೆ ಅದು ವೆಸೆಲ್, ಅಂದರೆ ನಾಳ. ಗೋಡೆ ಮುಚ್ಚಿಯೇ ಇದ್ದು ನೀರು ಗುಳಿಗಳ ಪೊರೆಯಲ್ಲಿ ಜಿನುಗಿದರೆ ಟ್ರಾಕೀಡ್. ಹಾನಗಲ್ಲಿನ ಕಾಡಿನ ತೇಗವನ್ನು ಅಡ್ಡ ಕೊಯ್ದರೆ ವೆಸೆಲ್‌ಗಳ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಸಾರ್ಕ್ಯಾಂಡ್ರದಲ್ಲಿ ಅಡ್ಡಕೊಯ್ತ ಸಾಲದು. ಉದ್ದಕ್ಕೆ ಕೊಯ್ದು, ಕೋಶಗಳನ್ನು ಬಿಡಿಸಿ, ಓರೆಯಾದ ತುದಿಗೋಡೆಯನ್ನು ಒಂದೊಂದಾಗಿ ನೋಡಬೇಕು. ಕ್ಲೊರಾಂಥಸ್‌ನಲ್ಲಿ ವೆಸೆಲ್ ಇತ್ತು, ಇದರ ಕಾಂಡದಲ್ಲಿ ಕಾಣಲಿಲ್ಲ. ಹೂವು ಬಿಟ್ಟುಕೊಡದ ಗುಟ್ಟನ್ನು ಕಟ್ಟಿಗೆ ಬಿಟ್ಟುಕೊಟ್ಟಿತು. ಸಾರ್ಕ್ಯಾಂಡ್ರ ಮತ್ತೆ ಸ್ವತಂತ್ರ ಕುಲವಾಯಿತು.

1987ರಲ್ಲಿ ಸಸ್ಯವಿಜ್ಞಾನಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಇದೇ ಕುಲದ ಬೇರಿನಲ್ಲಿ ವೆಸೆಲ್ ತೋರಿಸಿದರು. ಅಲ್ಲಿಗೆ ಸ್ವಾಮಿಯವರ ಕೆಲಸ ಮುಗಿಯಿತೆನ್ನುವವರನ್ನು ನಾನು ಒಪ್ಪಲಾರೆ. ‘ವೆಸೆಲ್ ಇಲ್ಲದ ಕುಲ’ ಎಂಬ ಮಾತು ಬಿತ್ತು, ನಿಜ. ಆದರೆ ಕುಲ ಬೀಳಲಿಲ್ಲ. ತಿದ್ದಿದವರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಅದೇ ಕೋಶದ ಗೋಡೆಯನ್ನೇ. ತನ್ನನ್ನು ತಿದ್ದುವ ದಾರಿಯನ್ನು ತಾನೇ ತೋರಿಸಿದ ಕ್ರಮ ಸೋತಿತೆನ್ನುವುದು ಯಾವ ನ್ಯಾಯ?

ಈ ಪೊದೆ ಸವಣೂರು, ಶಿಗ್ಗಾವಿಗಳ ಬಯಲಿನದಲ್ಲ. ಆದರೆ ಕಾಂಡ ಕೊಯ್ದು ನೋಡಲು ಬೇಕಾದ ಬ್ಲೇಡು, ಬೆಂಡು, ಸಾಫ್ರನಿನ್ ಬಣ್ಣ ಹಿರೇಕೆರೂರಿನ ಪದವಿ ವಿದ್ಯಾರ್ಥಿಯ ಕೈಗೂ ಎಟಕುವಂಥವು. ಹೂವಿಲ್ಲದ ಕೊಂಬೆ ಸಿಕ್ಕಾಗ ‘ಗುರುತು ಸಿಗದು’ ಎಂದು ಎಸೆಯುವ ಅಭ್ಯಾಸಕ್ಕೆ ಸ್ವಾಮಿಯವರ ಪ್ರಬಂಧ ಸರಿಯಾದ ಮದ್ದು. ಸಾಹಿತ್ಯ ವಿಮರ್ಶಕರಿಗೂ ಅದನ್ನೇ ಹೇಳುತ್ತೇನೆ: ‘ಹಸುರು ಹೊನ್ನಿ’ನ ನಗುವಿಗೆ ನಿಖರತೆ ಬಂದದ್ದು ಗಿಡವನ್ನು ಗೋಡೆಗೋಡೆಯಾಗಿ ನೋಡಿದ ಕಣ್ಣಿನಿಂದ. ಆ ಕಣ್ಣನ್ನು ಬಿಟ್ಟು ನಗುವನ್ನಷ್ಟೇ ಹೊಗಳುವ ವಿಮರ್ಶೆ ಅರ್ಧ ಓದಿನ ವಿಮರ್ಶೆ.