ರನ್ನನ ರಣರಂಗಕ್ಕೆ ಹೊಸಬರು ಹೋಗುವ ದಾರಿ

ಹುನಗುಂದ ಸೀಮೆಯ ಐಹೊಳೆಯಲ್ಲಿ ಊರವರು ಹೇಳುವ ಕತೆ ನಿಮಗೂ ಗೊತ್ತು. ಅಪ್ಪನನ್ನು ಕೊಂದ ಸೇಡಿಗೆ ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಕಡಿದ ಪರಶುರಾಮ ಮಲಪ್ರಭೆಯಲ್ಲಿ ಕೊಡಲಿ ತೊಳೆದ, ಹೊಳೆ ಕೆಂಪಾಯಿತು. ಕತೆ ಕೇಳಿ, ಫೋಟೊ ತೆಗೆದುಕೊಂಡು ನಾವು ಬಾದಾಮಿಯ ಹಾದಿ ಹಿಡಿಯುತ್ತೇವೆ. ಕಡಿಸಿಕೊಂಡವರ ಮನೆಯಲ್ಲಿ ಅವತ್ತು ಏನಾಯಿತೆಂದು ಕೇಳುವುದಿಲ್ಲ. ಅಂಥ ಪ್ರಶ್ನೆ ಕೇಳಿದ ಕವಿ ಇದೇ ಬಾಗಲಕೋಟೆ ಜಿಲ್ಲೆಯವನು, ಮುಧೋಳದ ರನ್ನ. ಅವನ ಊರು ಬೆಳಗಲಿ ಈಗ ರನ್ನಬೆಳಗಲಿ ಎಂದೇ ಹೆಸರಾಗಿದೆ. ಬಳೆಗಾರರ ಮನೆಯ ಹುಡುಗ, ಜೈನ.

ಅವನ ‘ಗದಾಯುದ್ಧ’ ಕಾವ್ಯವನ್ನು ಮೊದಲ ಪುಟದಿಂದ ಹಿಡಿಯಬೇಡಿ. ಅಲ್ಲಿ ರಾಜಸ್ತುತಿಯೇ ಹೆಚ್ಚು. ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ರನ್ನ ಭೀಮನಿಗೆ ಹೋಲಿಸಿದ್ದಾನೆ. ಅಂದಮೇಲೆ ಭೀಮ ಗೆಲ್ಲಲೇಬೇಕು, ಅವನ ಸೇಡು ಸರಿ ಎನಿಸಲೇಬೇಕು. ದ್ರೌಪದಿಯ ಬಿಚ್ಚಿದ ಮುಡಿ ಅದಕ್ಕೆ ಸಾಕ್ಷಿಯಾಗಿ ನಿಂತೇ ಇದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನೇರವಾಗಿ ರಣರಂಗದ ಭಾಗಕ್ಕೆ ಬನ್ನಿ.

ಯುದ್ಧದ ಕೊನೆಯ ದಿನ. ದುರ್ಯೋಧನ ಸಂಜಯನ ಹೆಗಲ ಮೇಲೆ ಕೈಯಿಟ್ಟು, ಹೆಣಗಳ ನಡುವೆ ಎಡವುತ್ತ, ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ರಣರಂಗದ ಪಿಶಾಚಿಗಳಾದ ಮರುಳುಗಳು ಅವನನ್ನು ಹಂಗಿಸುತ್ತವೆ. ದ್ರೋಣ ಬಿದ್ದಿದ್ದಾನೆ, ಮಗ ಲಕ್ಷಣಕುಮಾರ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುತ್ತಾನೆ.

ಆಮೇಲೆ ದುಶ್ಶಾಸನ. ಇಲ್ಲಿ ಆತುರ ಬೇಡ. ಭೀಮ ಪ್ರತಿಜ್ಞೆ ಮಾಡಿದಂತೆ ಎದೆ ಬಗೆದು ನೆತ್ತರು ಕುಡಿದದ್ದು ಇವನದೇ. ಅಣ್ಣ ಅಳುವ ಪದ್ಯವನ್ನು ಬಾಯಿಬಿಟ್ಟು ಓದಿ, ಹಳಗನ್ನಡ ಕಿವಿಗೆ ಬಿದ್ದರೇ ಬಿಚ್ಚಿಕೊಳ್ಳುವುದು. ತಾಯಿಯ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಊಟವೂ ಹಾಗೆಯೇ. ಚಿಕ್ಕಂದಿನಿಂದ ಒಮ್ಮೆಯೂ ಸರದಿ ತಪ್ಪಿಸಿದವನಲ್ಲ. ಸಾವಿಗೆ ಮಾತ್ರ ನನಗಿಂತ ಮುಂದೆ ಹೋದೆಯಲ್ಲ! ‘ಮೊದಲು ನಾನು, ಆಮೇಲೆ ನೀನು’ ಎಂಬ ತೂಗು ಎರಡು ಸಲ ಬಂದು ಕಿವಿ ಅದಕ್ಕೆ ಒಗ್ಗಿದ ಹೊತ್ತಿಗೆ, ಸಾವಿನ ಮಾತಿಗೆ ತಿರುವುಮುರುವಾಗುತ್ತದೆ. ಪದ್ಯದ ಜೀವ ಇರುವುದು ಆ ತಿರುವಿನಲ್ಲಿ. ಭೀಮನ ಪ್ರತಿಜ್ಞೆ ತೀರಿದ್ದು ಒಂದು ಮನೆಯ ಪಂಕ್ತಿ ಮುರಿದು ಎಂದು ಆಗ ಹೊಳೆಯುತ್ತದೆ.

ಇದರಿಂದ ದುರ್ಯೋಧನ ಸಾಚಾ ಆಗಿಬಿಡಲಿಲ್ಲ. ಸೀರೆ ನೇಯುವ ಇಳಕಲ್ಲಿನಲ್ಲಿ ಕೂತು, ಸೆರಗಿಗೆ ಕೈಹಾಕಿಸಿದವನ ವಕಾಲತ್ತು ವಹಿಸುವ ಧೈರ್ಯ ನನಗಂತೂ ಇಲ್ಲ. ರನ್ನನೂ ವಹಿಸುವುದಿಲ್ಲ. ಅವನು ತಪ್ಪನ್ನು ತಪ್ಪೆಂದೇ ಇಟ್ಟು, ಹೆಣವನ್ನು ಹೆಣವೆಂದು ತೋರಿಸುತ್ತಾನೆ.

ಸೇಡಿನ ಇನ್ನೊಂದು ಕತೆಯಾಗಿ ಬೈಬಲ್ಲಿನ ‘ನ್ಯಾಯಸ್ಥಾಪಕರು’ ಭಾಗದ ಸಂಸೋನನನ್ನು ಪಕ್ಕದಲ್ಲಿಟ್ಟು ನೋಡಿ. ವೈರಿಗಳಿಂದ ಕಣ್ಣು ಕೀಳಿಸಿಕೊಂಡವನು, ನನ್ನ ಎರಡು ಕಣ್ಣಿನ ಸೇಡು ತೀರಲಿ ಎಂದು ದೇವರನ್ನು ಬೇಡಿ ಅವರ ಗುಡಿಯ ಕಂಬಗಳನ್ನು ದೂಡುತ್ತಾನೆ. ಮಾಳಿಗೆಯ ಮೇಲಿದ್ದ ಸುಮಾರು 3,000 ಗಂಡಸರು ಹೆಂಗಸರ ಸಮೇತ ಗುಡಿ ಕುಸಿಯುತ್ತದೆ. ಬದುಕಿದ್ದಾಗ ಕೊಂದವರಿಗಿಂತ ಸಾಯುವಾಗ ಕೊಂದವರೇ ಹೆಚ್ಚು ಎಂದು ಕತೆಗಾರ ಲೆಕ್ಕ ಹೇಳುತ್ತಾನೆ. ಸಂಸೋನನ ಹೆಣ ಒಯ್ಯಲು ಅಣ್ಣತಮ್ಮಂದಿರು ಬರುತ್ತಾರೆ. ಮಾಳಿಗೆ ಮೇಲಿದ್ದವರ ಹೆಣ ಹುಡುಕಿ ಯಾರು ಬಂದರೋ, ಆ ಮಾತೇ ಇಲ್ಲ. ಮುಧೋಳದ ಕವಿಯನ್ನು ಓದಿದ ಮೇಲೆ ಆ ಮೌನ ಕಿವಿಗೆ ಬಡಿಯುತ್ತದೆ.

ಹಳಗನ್ನಡ ಗಟ್ಟಿ ಎನಿಸಿದರೆ ಬಿ.ಎಂ.ಶ್ರೀ ಅವರ ‘ಗದಾಯುದ್ಧ ನಾಟಕಂ’ ಮೊದಲು ಓದಿ. ರನ್ನನ ಕಾವ್ಯವನ್ನೇ ಅವರು ದುರಂತ ನಾಟಕವಾಗಿ ಕಟ್ಟಿದ್ದಾರೆ. ಗಮಕಿಗಳ ವಾಚನ ಸಿಕ್ಕರೆ ಬಿಡಬೇಡಿ. ಅಂದಹಾಗೆ, ಈ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಇದೆ. ಪುಸ್ತಕದಂಗಡಿಯಲ್ಲಿ ಆ ಹೆಸರು ಹೇಳಿದರೆ ಮುಖ ನೋಡುತ್ತಾರೆ. ‘ಗದಾಯುದ್ಧ’ ಎಂದೇ ಕೇಳಿ.