ಹೆದ್ದಾರಿಯ ನಾವಿಕರು

ಪ್ಯಾರಿಸ್ ನಗರದಿಂದ ಮಾರ್ಸೇ ಬಂದರಿಗೆ ಹೆದ್ದಾರಿಯಲ್ಲಿ ಸುಮಾರು 800 ಕಿಲೋಮೀಟರ್ ದೂರ. ಬೆಳಿಗ್ಗೆ ಕಾರು ಹತ್ತಿದವರು ಸಂಜೆಯೊಳಗೆ ಕಡಲನ್ನು ಕಾಣಬಹುದು. ಅದೇ ದಾರಿಯನ್ನು ಕ್ರಮಿಸಲು ದಂಪತಿಯೊಂದು ಒಂದು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತೆಂದರೆ ನೀವು ನಂಬುವಿರಾ? ಅವರು ದಾರಿ ತಪ್ಪಿದ್ದರಿಂದ ತಡವಾದುದಲ್ಲ, ವಾಹನ ಕೆಟ್ಟಿದ್ದರಿಂದಲೂ ಅಲ್ಲ. ನಿಧಾನವಾಗಿ ಹೋಗಬೇಕೆಂಬುದೇ ಅವರ ವ್ರತವಾಗಿತ್ತು.

ಪತಿ ಅರ್ಜೆಂಟೀನಾದ ಹೆಸರಾಂತ ಕತೆಗಾರ ಹೂಲಿಯೊ ಕೊರ್ತಾಸರ್. ಪತ್ನಿ ಅಮೆರಿಕದಲ್ಲಿ ಜನಿಸಿದ ಲೇಖಕಿ ಹಾಗೂ ಛಾಯಾಗ್ರಾಹಕಿ ಕ್ಯಾರಲ್ ಡನ್‌ಲಪ್. 1982ರ ಮೇ 23ರಂದು ಅವರು ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಪ್ಯಾರಿಸ್‌ನಿಂದ ಹೊರಟರು. ಪುರಾಣದ ಡ್ರ್ಯಾಗನ್ ಒಂದರ ಹೆಸರನ್ನು ಆ ವ್ಯಾನಿಗೆ ಇಟ್ಟಿದ್ದರು: ಫಾಫ್ನರ್. ಹೆದ್ದಾರಿಯನ್ನು ಎಲ್ಲಿಯೂ ಬಿಟ್ಟಿಳಿಯಬಾರದು, ದಾರಿಯ ಎಲ್ಲ 65 ತಂಗುತಾಣಗಳಲ್ಲಿಯೂ ನಿಲ್ಲಬೇಕು, ದಿನಕ್ಕೆ ಎರಡರಂತೆ ನಿಂತು, ಎರಡನೆಯದರಲ್ಲಿ ರಾತ್ರಿ ಕಳೆಯಬೇಕು, ಕಂಡದ್ದನ್ನು ಬರೆದಿಡಬೇಕು. ಈ ನಿಯಮಗಳಿಂದ ಮೂಡಿದ ಪ್ರವಾಸಕಥನ 1983ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟವಾಯಿತು. ಆ್ಯನ್ ಮೆಕ್‌ಲೀನ್ ಅವರ ಇಂಗ್ಲಿಷ್ ಅನುವಾದ 2007ರಲ್ಲಿ ಬಂದಿತು.

ಕೃತಿಯ ಶೀರ್ಷಿಕೆಯಲ್ಲಿ ಕಾರು ಮತ್ತು ನಾವಿಕ ಎಂಬ ಎರಡು ಪದಗಳನ್ನು ಬೆಸೆದು ಹೊಸ ಪದವೊಂದನ್ನು ಹುಟ್ಟಿಸಲಾಗಿದೆ. ಆ ಪದಕ್ಕೆ ತಕ್ಕಂತೆ, ಹಿಂದಿನ ಕಾಲದ ಸಮುದ್ರಯಾನಿಗಳು ದಿನಚರಿ ಬರೆಯುತ್ತಿದ್ದ ಠೀವಿಯಲ್ಲಿ ಈ ದಂಪತಿ ತಾವು ಉಂಡದ್ದನ್ನು, ಅಂದಿನ ಬಿಸಿಲನ್ನು, ಮರದ ನೆರಳನ್ನು, ಪಕ್ಕದಲ್ಲಿ ಬಂದು ನಿಂತ ಲಾರಿಗಳನ್ನು ದಾಖಲಿಸುತ್ತಾರೆ. ಸ್ನೇಹಿತರು ತಾಜಾ ಆಹಾರ ತಂದುಕೊಟ್ಟರೆ, ದೂರದ ದ್ವೀಪಕ್ಕೆ ಹಡಗು ಬಂದಷ್ಟು ಸಂಭ್ರಮ. ಟೈಪ್‌ರೈಟರ್, ಮಡಚುವ ಕುರ್ಚಿ, ಒಂದಿಷ್ಟು ಪುಸ್ತಕ: ಇವಿಷ್ಟರಿಂದಲೇ ಪ್ರತಿ ತಂಗುತಾಣವೂ ಅವರಿಗೆ ಅರ್ಧ ದಿನದ ಮನೆಯಾಗುತ್ತದೆ.

ಇದು ಬರಿಯ ತಮಾಷೆಯೇ? ಹಾಗೆಂದು ಪುಸ್ತಕವನ್ನು ಮುಚ್ಚಿಡುವ ಮುನ್ನ ಕೊರ್ತಾಸರರು 1966ರಲ್ಲಿ ಪ್ರಕಟಿಸಿದ ಒಂದು ಕತೆಯನ್ನು ನೆನೆಯಬೇಕು. ಪ್ಯಾರಿಸ್‌ಗೆ ಮರಳುವ ದಕ್ಷಿಣದ ಹೆದ್ದಾರಿಯಲ್ಲಿ ಒಂದು ಭಾನುವಾರ ವಾಹನಗಳು ಸಿಕ್ಕಿಬೀಳುತ್ತವೆ. ದಿನಗಳುರುಳಿದರೂ ದಾರಿ ತೆರೆಯುವುದಿಲ್ಲ. ಒಬ್ಬ ಇಂಜಿನಿಯರ್, ಇಬ್ಬರು ಸಂನ್ಯಾಸಿನಿಯರು, ಒಬ್ಬ ಯುವತಿ, ಹೀಗೆ ಅಪರಿಚಿತರು ನೀರು ಹಂಚಿಕೊಂಡು, ರೋಗಿಗಳನ್ನು ಆರೈಕೆ ಮಾಡಿ ಒಂದು ಊರಿನವರಂತಾಗುತ್ತಾರೆ. ಆದರೆ ದಾರಿ ತೆರೆದು ವೇಗ ಮರಳಿದೊಡನೆ ಆ ಊರು ಚದುರಿಹೋಗುತ್ತದೆ. ಅದೇ ದಕ್ಷಿಣದ ಹೆದ್ದಾರಿಗೆ ಹದಿನಾರು ವರ್ಷಗಳ ಬಳಿಕ ಲೇಖಕರು ಪತ್ನಿಯೊಡನೆ ಮರಳುತ್ತಾರೆ. ಕತೆಯಲ್ಲಿ ಅನಿವಾರ್ಯವಾಗಿ ಬಂದ ನಿಲುಗಡೆಯನ್ನು ಇಲ್ಲಿ ತಾವಾಗಿಯೇ ಆರಿಸಿಕೊಳ್ಳುತ್ತಾರೆ. ವೇಗಕ್ಕಾಗಿಯೇ ಕಟ್ಟಿದ ದಾರಿಯಲ್ಲಿ ಬಾಳಲು ಸಾಧ್ಯವೇ ಎಂಬುದು ಈ ಆಟದೊಳಗಿನ ನಿಜವಾದ ಪ್ರಶ್ನೆ.

ಕೃತಿಯಲ್ಲಿ ದೋಷಗಳಿಲ್ಲವೆಂದು ಹೇಳಲಾರೆ. ವಿಜ್ಞಾನಿಗಳನ್ನು ಅಣಕಿಸುವ ಬರವಣಿಗೆ ಕೆಲವೆಡೆ ಅತಿಯಾಗಿ ಲಂಬಿಸುತ್ತದೆ. ಪತಿಯನ್ನು ತೋಳನೆಂದೂ ಪತ್ನಿಯನ್ನು ಪುಟ್ಟ ಕರಡಿಯೆಂದೂ ಕರೆದುಕೊಳ್ಳುವ ಮುದ್ದುಮಾತುಗಳನ್ನು ಓದುವಾಗ, ಅನ್ಯರ ಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಂತೆ ಮುಜುಗರವಾಗುವುದುಂಟು. ಬೇಲಿಯಾಚೆಯ ಹಳ್ಳಿಗಳೂ ದ್ರಾಕ್ಷಿತೋಟಗಳೂ ನಿಯಮದ ದೆಸೆಯಿಂದ ನಮಗೆ ದಕ್ಕುವುದೇ ಇಲ್ಲ. ಫ್ರಾನ್ಸನ್ನು ಅರಿಯಬೇಕೆಂದು ಓದುವವರಿಗೆ ನಿರಾಸೆ ಕಾದಿದೆ.

ಆದರೆ ಈ ಪುಟಗಳಲ್ಲಿ ನಾವು ಅರಿಯುವುದು ಒಂದು ದಾಂಪತ್ಯವನ್ನು. ಅರವತ್ತೇಳರ ಪತಿ, ಮೂವತ್ತಾರರ ಪತ್ನಿ. ಕಣ್ತುಂಬುವ ದೃಶ್ಯವಾಗಲೀ ಭೇಟಿ ನೀಡಬೇಕಾದ ಸ್ಮಾರಕವಾಗಲೀ ಇಲ್ಲದ ಸ್ಥಳದಲ್ಲಿ ಒಬ್ಬರಿಗೊಬ್ಬರು ಜೊತೆಯಾಗಿ ಕುಳಿತಿದ್ದಾರೆ. ಹೊರಗಿನ ಆಕರ್ಷಣೆಗಳೆಲ್ಲ ಇಲ್ಲವಾದಾಗ ಇಬ್ಬರ ನಡುವೆ ಏನು ಉಳಿಯುತ್ತದೆ? ಬಹುತೇಕ ಪ್ರವಾಸಗಳು ಈ ಪ್ರಶ್ನೆಯನ್ನು ನಮ್ಮಿಂದ ಮರೆಮಾಡುತ್ತವೆ. ಈ ಪ್ರವಾಸ ಅದನ್ನೇ ದಿನಕ್ಕೆರಡು ಬಾರಿ ಕೇಳುತ್ತದೆ. ಗುರಿಯಾದ ಮಾರ್ಸೇ ಸಮೀಪಿಸಿದಾಗ ಅವರಿಗೆ ಗೆಲುವಿನ ಹರ್ಷಕ್ಕಿಂತ ಮುಗಿದುಹೋಯಿತಲ್ಲ ಎಂಬ ವ್ಯಥೆಯೇ ಮಿಗಿಲಾಯಿತೆಂಬುದು ಉತ್ತರಕ್ಕೆ ಸಾಕ್ಷಿ.

ಕೊನೆಯ ಕೆಲವು ಪುಟಗಳನ್ನು ಓದುವಾಗ ಧ್ವನಿ ಬದಲಾಗುತ್ತದೆ. ಅಲ್ಲಿ ಬರೆಯುತ್ತಿರುವವರು ಒಬ್ಬರೇ. 1982ರ ನವೆಂಬರ್ 2ರಂದು ಕ್ಯಾರಲ್ ತೀರಿಕೊಂಡರು. ಇಬ್ಬರ ಕಾಗದಗಳನ್ನು ಜೋಡಿಸಿ, ಡಿಸೆಂಬರಿನಲ್ಲಿ ಅನುಬಂಧ ಬರೆದು, ಪತಿ ಕೃತಿಯನ್ನು ಮುಗಿಸಿದರು. ಪುಸ್ತಕದ ಗೌರವಧನ ನಿಕರಾಗುವಾದ ಜನತೆಗೆಂದು ಮೀಸಲಾಯಿತು. 1984ರ ಫೆಬ್ರುವರಿಯಲ್ಲಿ ಅವರೂ ತೀರಿಕೊಂಡರು. ಪ್ಯಾರಿಸ್‌ನ ಮೋಂಪಾರ್ನಾಸ್ ಸ್ಮಶಾನದಲ್ಲಿ ಇಬ್ಬರೂ ಒಂದೇ ಕಡೆ ವಿಶ್ರಮಿಸುತ್ತಿದ್ದಾರೆ.

ಇದನ್ನು ತಿಳಿದ ಬಳಿಕ ಇಡೀ ಕೃತಿಯನ್ನು ಒಂದು ವಿದಾಯಗೀತೆಯೆಂದು ಓದುವ ಆಸೆ ಸಹಜ. ನಾನದನ್ನು ಒಪ್ಪಲಾರೆ. ಮರಣವು ಆ ದಿನಗಳಿಗೆ ಬೆಲೆ ತಂದುಕೊಡಲಿಲ್ಲ. ಬದುಕಿದ್ದಾಗಲೇ ಅವರು ಆ ಬೆಲೆಯನ್ನು ಅರಿತಿದ್ದರು, ಪುಟಪುಟದಲ್ಲೂ ಅದನ್ನು ನಗುತ್ತಾ ಬರೆದಿಟ್ಟಿದ್ದರು. ಆದ್ದರಿಂದ ವಾಚಕರೇ, ಅಂತ್ಯವನ್ನು ಮೊದಲೇ ತಿಳಿದಿದ್ದರೂ ಈ ಕೃತಿಯನ್ನು ಆರಂಭದಿಂದ, ನಿಧಾನವಾಗಿ ಓದಿರಿ. ಸಾಧ್ಯವಾದರೆ ಮನೆಯಲ್ಲಿ ಇಬ್ಬರೂ ಕುಳಿತು, ಸಂಜೆಗೆ ಎರಡು ತಂಗುತಾಣಗಳಂತೆ ಓದಿರಿ.