ದೂರವನ್ನು ಮುಚ್ಚಿಡುವ ಟೂಲ್‌ಗಳು

‘ಕೋರ್ಬಾ’ ಅಂದರೆ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು ಹಾವಿನ ಹೆಸರಾ ಅಂತ ಕೇಳುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ. 1991ರಲ್ಲಿ ಬಂದ ಈ ಸ್ಟ್ಯಾಂಡರ್ಡನ್ನು 2018ರಲ್ಲಿ ಜಾವಾ 11 ತನ್ನೊಳಗಿಂದ ಕಿತ್ತೇ ಹಾಕಿತು. ಬೇರೆ ಬೇರೆ ಕಂಪ್ಯೂಟರುಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಬರೆದ ಆಬ್ಜೆಕ್ಟುಗಳು ಒಂದನ್ನೊಂದು ಕರೆಯುವಂತೆ ಮಾಡುವುದು ಅದರ ಕೆಲಸ. ಅದು ಕೊಟ್ಟ ಭರವಸೆ ಇಷ್ಟೇ: ಆಬ್ಜೆಕ್ಟ್ ಎಲ್ಲಿದೆ ಅನ್ನೋ ಚಿಂತೆ ನಿಮಗೆ ಬೇಡ, ಪಕ್ಕದಲ್ಲಿರುವುದನ್ನು ಕರೆದ ಹಾಗೇ ಕರೆಯಿರಿ, ಮಿಕ್ಕಿದ್ದು ನಾವು ನೋಡ್ಕೋತೀವಿ.

ನನ್ನ ತಕರಾರು ಈ ಭರವಸೆಯ ಮೇಲೆ. ಯಾಕಂದ್ರೆ ಟೂಲ್ ಮೂಲೆ ಸೇರಿದರೂ ಭರವಸೆ ಇನ್ನೂ ಬದುಕಿದೆ.

ನಮ್ಮ ಕಡೆಯ ಲೆಕ್ಕದಲ್ಲೇ ನೋಡೋಣ. ಬೇಲೂರಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರ್. ಆ ದೂರಕ್ಕೆ ನೇರ ಫೈಬರ್ ಎಳೆದರೂ ಬೆಳಕು ಹೋಗಿಬರಲು 160 ಮೈಕ್ರೋಸೆಕೆಂಡ್ ಬೇಕು. ಒಂದೇ ಪ್ರೋಗ್ರಾಮಿನೊಳಗಿನ ಫಂಕ್ಷನ್ ಕಾಲ್‌ಗೆ ಕೆಲವು ನ್ಯಾನೋಸೆಕೆಂಡ್ ಸಾಕು. ಹತ್ತಾರು ಸಾವಿರ ಪಟ್ಟು ವ್ಯತ್ಯಾಸ! ಇಸ್ರೋದ ಹಾಸನದ ಕೇಂದ್ರ 1982ರಿಂದ ನೋಡಿಕೊಳ್ಳುತ್ತಿರುವ ಭೂಸ್ಥಿರ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಗೆ ಒಂದು ಮಾತು ಹೋಗಿ ಉತ್ತರ ಬರಲು ಹತ್ತಿರ ಹತ್ತಿರ ಕಾಲು ಸೆಕೆಂಡ್. ಕೋಡಿನಲ್ಲಿ ‘ತಿರುಗು’ ಅಂತ ಬರೆದ ಆ ಒಂದು ಸಾಲು ಪಕ್ಕದ ಆಬ್ಜೆಕ್ಟಿಗೂ ಉಪಗ್ರಹಕ್ಕೂ ಒಂದೇ ಥರ ಕಂಡರೆ, ಓದುವವನಿಗೆ ಸುಳ್ಳು ಹೇಳಿದ ಹಾಗೆ.

ಇದು ಹೊಸ ಮಾತಲ್ಲ. 1994ರಲ್ಲೇ ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೋ ಮತ್ತು ಸಂಗಡಿಗರು ಇದನ್ನು ಬಿಡಿಸಿ ಬರೆದರು. ತಡ ಒಂದೇ ಸಮಸ್ಯೆಯಲ್ಲ, ಅರ್ಧ ಸಿಸ್ಟಮ್ ಸತ್ತು ಅರ್ಧ ಬದುಕಿರುವ ಸ್ಥಿತಿಯೇ ಅಸಲಿ ಪೀಡೆ ಅಂದರು. ಉತ್ತರ ಬರಲಿಲ್ಲ ಅಂದರೆ ಕೆಲಸ ಆಗಿಲ್ಲವೋ, ಆಗಿ ಉತ್ತರ ಮಾತ್ರ ಕಳೆದುಹೋಯಿತೋ? ಕರೆದವನಿಗೆ ಗೊತ್ತಾಗಲ್ಲ. ಜಾವಾದ ಆರ್‌ಎಂಐ ಈ ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ದೂರದ ಪ್ರತಿ ಮೆಥಡ್ ಮೇಲೂ ‘ಇದು ಕೈಕೊಡಬಹುದು’ ಅಂತ ಎಕ್ಸೆಪ್ಷನ್ ಬರೆಯಲೇಬೇಕಿತ್ತು. ಕಿರಿಕಿರಿ ಅಂತ ಬೈದುಕೊಂಡವರು ಬಹಳ. ಆದರೆ ಆ ಕಿರಿಕಿರಿಯೇ ಅದರ ಗುಣ.

ರಿಯಲ್-ಟೈಮ್ ಕೋರ್ಬಾಗೂ ಸಲ್ಲಬೇಕಾದ ಗೌರವ ಸಲ್ಲಬೇಕು. ಕರೆಯ ಜೊತೆಗೇ ಅದರ ಆದ್ಯತೆಯೂ ಆಚೆ ಕಂಪ್ಯೂಟರಿಗೆ ಹೋಗುವ ಹಾಗೆ ಮಾಡಿತು. ಡಗ್ಲಸ್ ಶ್ಮಿಟ್ ತಂಡದ ‘ಟಾವೋ’ ಅದನ್ನು ಮಾಡಿ ತೋರಿಸಿ, ಸೋರ್ಸ್ ಕೋಡನ್ನೂ ಎಲ್ಲರಿಗೂ ಕೊಟ್ಟಿತು. ಎಷ್ಟು ಹೊತ್ತು ಕಾಯಬೇಕು ಅಂತ ಹೇಳುವ ಸೌಲಭ್ಯವೂ ಇತ್ತು. ಆದರೆ ಅದು ಬೇಕಾದವರು ಹುಡುಕಿ ಹಾಕಿಕೊಳ್ಳುವ ಪಾಲಿಸಿ. ಹಾಕದಿದ್ದರೆ ಕೇಳುವವರಿಲ್ಲ.

2004ರಲ್ಲಿ ಬಂದ ಡಿಡಿಎಸ್ ದಾರಿ ಬದಲಿಸಿತು. ಇಲ್ಲಿ ಯಾರೂ ಯಾರ ಮೆಥಡನ್ನೂ ಕರೆಯಲ್ಲ. ಒಬ್ಬರು ಮಾಹಿತಿ ಪ್ರಕಟಿಸುತ್ತಾರೆ, ಬೇಕಾದವರು ಓದುತ್ತಾರೆ. ಇವತ್ತಿನ ರೋಬೋಟುಗಳ ಆರ್‌ಓಎಸ್ 2 ನಿಂತಿರುವುದು ಮುಖ್ಯವಾಗಿ ಇದರ ಮೇಲೆ. ಡೆಡ್‌ಲೈನ್, ಜೀವಂತಿಕೆ, ನಂಬಿಕೆ ಎಲ್ಲಕ್ಕೂ ಇಲ್ಲಿ ಸೆಟ್ಟಿಂಗ್ ಇದೆ. ಭೇಷ್ ಅನ್ನುವಷ್ಟರಲ್ಲಿ ಡೀಫಾಲ್ಟ್ ನೋಡಿ: ಡೆಡ್‌ಲೈನ್ ಅನಂತ. ಜಿಆರ್‌ಪಿಸಿ ಕಥೆಯೂ ಅದೇ. ನೀವಾಗಿ ಹಾಕದಿದ್ದರೆ ಡೆಡ್‌ಲೈನೇ ಇಲ್ಲ. ಮೂವತ್ತು ವರ್ಷ ಕಳೆದರೂ ‘ಕಾಯ್ತಾ ಇರು’ ಅನ್ನೋದೇ ಮೊದಲ ಉತ್ತರ. ಸ್ಪ್ರಿಂಟ್ ಮುಗಿಸುವ ಗಡಿಬಿಡಿಯಲ್ಲಿ ಡೀಫಾಲ್ಟ್ ಮುಟ್ಟುವವರು ಎಷ್ಟು ಜನ, ನೀವೇ ಹೇಳಿ.

ಇದಕ್ಕಿಂತ ಒಳ್ಳೆ ಡಿಸೈನ್ ಕಂಪ್ಯೂಟರಿಗೂ ಮುಂಚೆ ರೈಲಿನವರ ಹತ್ತಿರ ಇತ್ತು. ಅರಸೀಕೆರೆಯಂಥ ಜಂಕ್ಷನ್ ಕಡೆ ಬೆಳೆದವರು ಟೋಕನ್ ಮಾತು ಕೇಳಿರುತ್ತಾರೆ. ಭಾರತೀಯ ರೈಲ್ವೆಯ ಒಂಟಿ ಹಳಿಯ ಮಾರ್ಗಗಳಲ್ಲಿ ಎರಡು ಸ್ಟೇಷನ್ನುಗಳ ನಡುವೆ ಗಾಡಿ ಬಿಡಬೇಕಾದರೆ ಉಕ್ಕಿನ ಗುಂಡೊಂದು ಡ್ರೈವರ್ ಕೈಗೆ ಬರಬೇಕಿತ್ತು. ಆಚೆ ಸ್ಟೇಷನ್ನಿನವರು ಒಪ್ಪಿ ತಮ್ಮ ಯಂತ್ರ ಒತ್ತಿದರಷ್ಟೇ ಈಚೆ ಗುಂಡು ಬರುತ್ತದೆ. ಒಂದು ಹೊರಗಿದ್ದರೆ ಇನ್ನೊಂದು ಬರಲ್ಲ. ತಂತಿ ಕಡಿದರೆ ಗುಂಡೇ ಇಲ್ಲ. ಆಗ ಕಾಗದದ ಚೀಟಿ ಕೊಟ್ಟು ಹುಷಾರಾಗಿ ಗಾಡಿ ಬಿಡುವ ಕ್ರಮ ರೂಲ್ ಬುಕ್ಕಿನಲ್ಲೇ ಇದೆ. ದೂರವನ್ನು ಅವರು ಮುಚ್ಚಿಡಲಿಲ್ಲ. ಮಾತು ನಿಂತಾಗ ಏನು ಮಾಡಬೇಕು ಅಂತ ಮೊದಲೇ ತೀರ್ಮಾನಿಸಿದರು.

ಗಾಡಿ ನಿಲ್ಲಬಹುದು, ಉಪಗ್ರಹ ನಿಲ್ಲಲಾರದು, ನಿಜ. ಅದಕ್ಕೇ ಉಪಗ್ರಹಗಳಿಗೆ ‘ಸೇಫ್ ಮೋಡ್’ ಕೊಟ್ಟಿರುತ್ತಾರೆ. ಏನೋ ಕೆಟ್ಟಿತು ಅನಿಸಿದರೆ ನೆಲದ ಅಪ್ಪಣೆಗೆ ಕಾಯದೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ನಿಲ್ಲುವುದೋ, ಸ್ವಂತ ನಿರ್ಧಾರವೋ ಅನ್ನೋದು ಕೆಲಸದ ಮೇಲೆ ಹೋಗುತ್ತೆ. ಆದರೆ ಅದನ್ನು ಟೂಲ್ ನಿಮ್ಮನ್ನು ಕೇಳಲೇಬೇಕು.

ಹಾಗಾಗಿ ಹೊಸ ಟೂಲ್ ಆರಿಸುವಾಗ ಫೀಚರ್ ಪಟ್ಟಿ ಆಮೇಲೆ ನೋಡಿ. ಡೆಡ್‌ಲೈನ್ ಹಾಕದ ಕೋಡನ್ನು ಅದು ಓಡಿಸುತ್ತದೋ ಇಲ್ಲವೋ ಮೊದಲು ನೋಡಿ. ಸುಮ್ಮನೆ ಓಡಿಸಿದರೆ, ಆ ಕಾವಲು ಕೆಲಸ ನಿಮ್ಮ ಟೀಮಿನ ಕೋಡ್ ರಿವ್ಯೂ ಮೇಲೆ ಬಿತ್ತು ಅಂತ ತಿಳಿಯಿರಿ.